ಈ ವಾರದ ಜೊತೆಗಾರ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನೀನು ಅದನ್ನು ನಂಬಬೇಕಾಗಿಲ್ಲ.

ನಿನ್ನ ಕಾಗದ ಶನಿವಾರವೇ ಕೈಸೇರಿತು. ಅದು ಕಾಗದವೇ ಅಲ್ಲ ಬಿಡು, ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕೊಟ್ಟ ಉತ್ತರ ಪತ್ರಿಕೆ. ಮಗಳ ಟಿ.ಸಿ. ತೆಗೆದುಕೊಳ್ಳಲು ನಿನಗೆ ಹೇಳದೆ ಬಂದದ್ದು, ನೀನು ಮೇಲೆ ಮೂರನೇ ತರಗತಿಗೆ ಪಾಠ ಮಾಡುತ್ತಿರುವಾಗ ಅದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಕಳ್ಳಿಯ ಹಾಗೆ ಕೂತು ಸಹಿ ಹಾಕಿದ್ದು, ಆಫೀಸಿನ ಗುಮಾಸ್ತರ ಬಾಯಿಂದ ನಿನಗೆ ವಿಷಯ ತಿಳಿದದ್ದು, ಎಲ್ಲವೂ ನಿಜ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎಂದು ಬರೆದಿದ್ದೀಯ. ನಾನು ಸಿಟ್ಟಿನಲ್ಲಿ ಕೊಯ್ದುಕೊಂಡಿಲ್ಲ ಅಕ್ಕ. ಬಹಳ ದಿನ ಯೋಚಿಸಿ, ಅತ್ತು, ಕಣ್ಣೊರೆಸಿಕೊಂಡು ಕೊಯ್ದುಕೊಂಡಿದ್ದೇನೆ. ನೋವು ಅಷ್ಟೇ ಇದೆ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ತಡೆಯುತ್ತೀಯ, ಉಳಿದರ್ಧಕ್ಕೆ ನಾನು ಅತ್ತುಬಿಡುತ್ತೇನೆ. ಚಿಕ್ಕಂದಿನಿಂದ ನಮ್ಮ ಜಗಳಗಳೆಲ್ಲ ಹೀಗೇ ಮುಗಿದಿರುವುದು. ಕಾಗದಕ್ಕೆ ನೀನು ಅಡ್ಡ ಬಾಯಿ ಹಾಕಲಾರೆ. ಅಂಗಡಿಯಲ್ಲಿ ಇವತ್ತು ಗುಂಡಿಗೆ ಕಾಜಾ ಹಾಕಬೇಕಾದ ಕೆಲವು ಅಂಗಿ ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಹೊಲಿಗೆ ಯಂತ್ರದ ಹಲಗೆಯ ಮೇಲೇ ಹಾಳೆ ಇಟ್ಟುಕೊಂಡು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅಂಕ ಕಳೆಯಬೇಡ.

ದೊಡ್ಡ ಮೇಡಂಗೆ, ಮನೆಯಿಂದ ಶಾಲೆ ದೂರವಾಗುತ್ತದೆ ಎಂದು ಕಾರಣ ಬರೆದುಕೊಟ್ಟೆ. ಅದು ಸುಳ್ಳು ಎಂದು ಅವರಿಗೂ ಗೊತ್ತು; ನಮ್ಮ ಮನೆಯ ಮಹಡಿಗೆ ನಿಮ್ಮ ಗಂಟೆಯ ಸದ್ದು ಕೇಳಿಸುತ್ತದೆ. ಇವರ ಒತ್ತಾಯ ಇರಬೇಕು ಎಂದು ನೀನು ಊಹಿಸಿದ್ದೀಯ. ಅದೂ ಅಲ್ಲ. ಇವರು ಲಾರಿ ಡ್ಯೂಟಿ ಮುಗಿಸಿ ಮನೆಗೆ ಬಂದ ದಿನ ವಿಷಯ ಹೇಳಿದೆ. ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ನಿಮ್ಮಕ್ಕನಿಗೆ ಏನು ಹೇಳ್ತೀಯ ಅಂತ ಕೇಳಿದರು. ಅದಕ್ಕೆ ಉತ್ತರವನ್ನು ಈಗ ಹುಡುಕುತ್ತಿದ್ದೇನೆ.

ಮೊದಲು ನಿನ್ನ ಋಣದ ಮಾತು ಮುಗಿಸುತ್ತೇನೆ, ಜಗಳ ಆಮೇಲೆ. ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ಕಾಣುವ ನನ್ನ ಮಗಳನ್ನು ಯಾವ ಶಾಲೆಯೂ ಒಳಗೆ ಬಿಟ್ಟುಕೊಳ್ಳದಿದ್ದಾಗ, ಅವಳ ಕೈ ಹಿಡಿದು ನಿನ್ನ ಶಾಲೆಗೆ ಕರೆದುಕೊಂಡು ಹೋದವಳು ನೀನು. ಕಣ್ಣು ಕಾಣದ ಮಗುವನ್ನು ಎಲ್ಲರ ಜೊತೆ ಕೂರಿಸಿದರೆ ಮಿಕ್ಕ ಮಕ್ಕಳ ಗತಿ ಏನು ಅಂತ ದೊಡ್ಡ ಮೇಡಂ ಕೇಳಿದರು. ಎಲ್ಲರ ಜೊತೆ ಕೂರದಿದ್ದರೆ ಈ ಮಗುವಿನ ಗತಿ ಏನು ಅಂತ ನೀನು ತಿರುಗಿ ಕೇಳಿದೆ. ನಾನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ಕೆಲಸ ಹೋಗುತ್ತದೆಂದು ನಾನು ನಿನ್ನ ಸೆರಗು ಜಗ್ಗುತ್ತಿದ್ದೆ, ನೀನು ನನ್ನತ್ತ ನೋಡಲೂ ಇಲ್ಲ. ಆಮೇಲೆ ಗೇಟಿನಿಂದ ತರಗತಿಗಳವರೆಗೆ, ಮೆಟ್ಟಿಲ ಮೇಲೂ, ಗೋಡೆಗುಂಟ ಹಗ್ಗ ಕಟ್ಟಿಸಿದೆ. ಒಂದನೇ ತರಗತಿಯ ಬಾಗಿಲಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ನಲವತ್ತು ದಾಟಿದ ಮೇಲೆ ರಜೆಯಲ್ಲಿ ಹೋಗಿ ಬ್ರೈಲ್ ಕಲಿತು ಬಂದೆ. ಶಾಲೆಯ ಹೊರಗೋಡೆಯ ಮೇಲೆ, ಇದು ಎಲ್ಲರ ಶಾಲೆ ಎಂದು ದಪ್ಪಕ್ಷರದಲ್ಲಿ ಬರೆಸಿದೆ. ಆ ಬೀದಿಯಲ್ಲಿ ಹೋಗುವಾಗಲೆಲ್ಲ ಅದನ್ನು ಓದಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಇದರಲ್ಲಿ ಯಾವುದನ್ನೂ ನಾನು ಮರೆತಿಲ್ಲ. ಉಪಕಾರ ಮರೆತವಳು ಎಂದು ನೀನು ಬರೆದ ಸಾಲನ್ನು ಮಾತ್ರ ದಯವಿಟ್ಟು ವಾಪಸು ತಗೋ.

ಈಗ ಜೀರುಂಡೆಯ ವಿಷಯ. ಅವಳ ಬಗ್ಗೆ ನಿನ್ನ ಕಾಗದದಲ್ಲಿ ಒಂದಕ್ಷರವೂ ಇಲ್ಲ. ನನಗೆ ಅದೇ ಅಚ್ಚರಿ.

ಆ ಹುಡುಗಿಗೆ ಜೀರುಂಡೆ ಎಂದು ಹೆಸರಿಟ್ಟದ್ದು ನನ್ನ ಮಗಳು, ನಮ್ಮ ಬುಗುರಿ. ಎರಡನೇ ತರಗತಿಯಲ್ಲಿ ಪಕ್ಕ ಬಂದು ಕೂತವಳು ಬಾಯಿ ಮುಚ್ಚಿದ್ದೇ ಇಲ್ಲವಂತೆ. ನಿನಗೆ ತರಗತಿಯಲ್ಲಿ ಅದು ತಲೆನೋವು, ಗೊತ್ತು. ನನ್ನ ಮಗಳಿಗೆ ಅದೇ ಕಣ್ಣಾಯಿತು. ಯಾರು ಹೊಸ ಚಪ್ಪಲಿ ಹಾಕಿದ್ದಾರೆ, ಯಾರ ಮೂಗು ಸೋರುತ್ತಿದೆ, ಮಿಸ್ ಸಿಟ್ಟಿನ ಮುಖ ಮಾಡಿದ್ದಾರಾ ಸುಳ್ಳು ಸಿಟ್ಟಿನ ಮುಖ ಮಾಡಿದ್ದಾರಾ, ಎಲ್ಲ ವರದಿ. ಅವಳು ಉಪಕಾರಕ್ಕೆಂದು ಹೇಳುತ್ತಿರಲಿಲ್ಲ. ಹೇಳದಿದ್ದರೆ ಅವಳಿಗೆ ಹೊಟ್ಟೆ ಉಬ್ಬುತ್ತಿತ್ತು, ಅಷ್ಟೇ. ಕೇಳಲು ಒಂದು ಜೊತೆ ಕಿವಿ ಬೇಕಿತ್ತು, ಅವು ನಮ್ಮವಳ ಹತ್ತಿರ ಧಾರಾಳವಾಗಿದ್ದವು.

ಇಬ್ಬರೂ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ನಮ್ಮವಳು ಉಸಿರಿನ ಸದ್ದಿನಲ್ಲೇ ಹಿಡಿಯುತ್ತಿದ್ದಳು. ಜೀರುಂಡೆಗೆ ಬಚ್ಚಿಟ್ಟುಕೊಂಡಾಗಲೂ ಬಾಯಿ ಸುಮ್ಮನಿರದು, ಸಿಕ್ಕಿಬಿದ್ದು ಮೋಸ ಮೋಸ ಅಂತ ಕೂಗುತ್ತಿದ್ದಳು. ಒಂದು ದಿನ ಆ ಜಗಳ ಜೋರಾಗಿ, ಅವಳು ಇವಳನ್ನು ದಬ್ಬಿ, ಇವಳು ಅವಳ ಜಡೆ ಎಳೆದು, ಇಬ್ಬರೂ ಬಿದ್ದರು. ಬುಗುರಿ ಮಂಡಿ ತರಚಿಕೊಂಡು ಮನೆಗೆ ಬಂದಳು. ನಾನು ಗಾಬರಿಯಿಂದ ಗಾಯ ತೊಳೆಯುತ್ತಿದ್ದರೆ ಅವಳು ನಗುತ್ತಿದ್ದಳು ಅಕ್ಕ. ಅವಳು ನನ್ನ ದಬ್ಬಿದಳು ಅಮ್ಮ, ನಾನೂ ಬಿಡಲಿಲ್ಲ ಅಂತ. ಹುಟ್ಟಿದಾಗಿನಿಂದ ಎಲ್ಲರೂ ಗಾಜಿನ ಪಾತ್ರೆಯ ಹಾಗೆ ಎತ್ತಿಟ್ಟ ಮಗು ಅದು. ಮೊದಲ ಸಲ ಯಾರೋ ಅವಳನ್ನು ಸಮಕ್ಕೆ ಸಮ ನಿಂತು ದಬ್ಬಿದ್ದರು.

ನೀನೂ ಆ ಗಾಯ ನೋಡಿದೆ. ನೋಡಿ ಯೋಚಿಸಿದೆ. ನೀನು ಯೋಚಿಸಿದ್ದರಲ್ಲಿ ತಪ್ಪು ಹುಡುಕಲು ನನಗೆ ಈಗಲೂ ಕಷ್ಟ. ಒಬ್ಬಳ ಮೇಲೇ ಭಾರ ಬೀಳಬಾರದು, ಪ್ರತಿ ಮಗುವೂ ಇನ್ನೊಬ್ಬರ ಜೊತೆ ನಡೆಯುವುದನ್ನು ಕಲಿಯಬೇಕು ಎಂದೆ. ವಾರಕ್ಕೊಬ್ಬರು ಬುಗುರಿಯ ಜೊತೆಗಾರರು, ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಬ್ಯಾಡ್ಜ್ ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ. ಆ ಬ್ಯಾಡ್ಜ್ ಹೊಲಿದುಕೊಡು ಎಂದು ನನ್ನನ್ನೇ ಕೇಳಿದೆ. ಎಷ್ಟು ಸಂಭ್ರಮದಿಂದ ಹೊಲಿದೆ ಗೊತ್ತಾ? ಹಳದಿ ಬಟ್ಟೆ, ಅದರ ಮೇಲೆ ಹಿಡಿದುಕೊಂಡ ಎರಡು ಕೈ. ಮಗಳು ಮುಟ್ಟಿದರೆ ಗೊತ್ತಾಗಲಿ ಎಂದು ದಪ್ಪ ದಾರದಲ್ಲಿ ಉಬ್ಬುವ ಹಾಗೆ ಕಸೂತಿ ಹಾಕಿದೆ. ಅವಳು ಅದನ್ನು ಬೇರೆಯವರ ಎದೆಯ ಮೇಲೆ ಮಾತ್ರ ಮುಟ್ಟಬೇಕಾಗುತ್ತದೆ ಎಂದು ನಿನಗೂ ಹೊಳೆಯಲಿಲ್ಲ, ಹೆತ್ತ ನನಗೂ ಹೊಳೆಯಲಿಲ್ಲ.

ಜೀರುಂಡೆಯನ್ನು ಕಿಟಕಿಯ ಪಕ್ಕದ ಸಾಲಿಗೆ ಕಳಿಸಿದೆ. ಮೂರನೇ ತರಗತಿಯ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಒಳ್ಳೆಯವರಾದರು. ನಾನು ವ್ಯಂಗ್ಯ ಮಾಡುತ್ತಿಲ್ಲ, ನಿಜವಾಗಿಯೂ ಆದರು. ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದರು, ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟರು, ಅವಳ ಚೀಲ ಹೊತ್ತರು. ಶನಿವಾರ ಮುಂದಿನವರಿಗೆ ಅವಳನ್ನು ಒಪ್ಪಿಸಿದರು, ಶಾಲೆಯ ಬೀಗದ ಕೈ ಒಪ್ಪಿಸುವ ಹಾಗೆ. ಬಿಡುವಿನಲ್ಲಿ ಜೀರುಂಡೆ ಹತ್ತಿರ ಬಂದರೆ, ಈ ವಾರ ಇವಳು ನಮ್ಮ ಜವಾಬ್ದಾರಿ ಎಂದು ಬ್ಯಾಡ್ಜ್ ತೊಟ್ಟವರು ಹೇಳುತ್ತಿದ್ದರು. ಒಂದೆರಡು ಸಲ ಅವಳು ಜಗಳವಾಡಿದಳು. ನೀನು ಕರೆದು ಬುದ್ಧಿ ಹೇಳಿದೆ. ಆಮೇಲೆ ಅವಳು ಬರಲಿಲ್ಲ.

ಕಣ್ಣಾಮುಚ್ಚಾಲೆ ಮುಂದುವರಿಯಿತು. ಆದರೆ ಒಂದು ಸಂಜೆ ಬುಗುರಿ ಶೂ ಬಿಚ್ಚುತ್ತಾ, ಅವರು ಬೇಕಂತಲೇ ಕೆಮ್ತಾರೆ ಅಮ್ಮ, ನಾನು ಹಿಡೀಲಿ ಅಂತ, ಎಂದಳು. ನಾನು, ಒಳ್ಳೆಯ ಮಕ್ಕಳಲ್ವಾ ಎಂದೆ. ಹೌದು, ತುಂಬಾ ಒಳ್ಳೆಯವರು ಎಂದಳು. ಆ ಶೂ ಬಿಚ್ಚಿ ಮುಗಿಸಲು ಅವಳಿಗೆ ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.

ಜೀರುಂಡೆಯ ವಾರಕ್ಕಾಗಿ ಅವಳು ಕಾದ ಪರಿ ನಿನಗೆ ಗೊತ್ತಿಲ್ಲ. ಅದು ಬಂತು. ಆ ಸೋಮವಾರ ಬೆಳಿಗ್ಗೆ ತಾನೇ ಎದ್ದು ತಾನೇ ಜಡೆ ಹೆಣೆದುಕೊಂಡಿದ್ದಳು, ಒಂದು ಮೇಲೆ ಒಂದು ಕೆಳಗೆ. ನಾನು ತಿದ್ದಲಿಲ್ಲ. ಸಂಜೆ ಬಂದವಳು ಚೀಲವನ್ನು ಮೊಳೆಗೆ ಹಾಕಿ ಜಡೆ ಬಿಚ್ಚತೊಡಗಿದಳು. ಏನಾಯ್ತು ಎಂದೆ. ಜೀರುಂಡೆನೂ ಒಳ್ಳೆಯವಳಾಗಿಬಿಟ್ಟಿದ್ದಾಳೆ ಅಮ್ಮ, ಎಂದಳು. ಮೊಣಕೈ ಹಿಡಿದುಕೊಂಡು ಮೆಲ್ಲಗೆ ಮಾತಾಡಿದಳಂತೆ. ಆಟದಲ್ಲಿ ಕೆಮ್ಮಿದಳಂತೆ.

ಅಕ್ಕ, ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಬಹುದಿತ್ತು.

ಆಗಲೇ ಬಂದು ನಿನಗೆ ಹೇಳಬೇಕಿತ್ತು ಎನ್ನುತ್ತೀಯ. ಬಂದಿದ್ದೆ. ಅದೇ ವಾರ ಬೇರೆ ಶಾಲೆಗಳ ಶಿಕ್ಷಕರು ನಿನ್ನ ತರಗತಿ ನೋಡಲು ಬಂದಿದ್ದರು. ನೀನು ಬುಗುರಿಯನ್ನು ಮುಂದೆ ನಿಲ್ಲಿಸಿ, ಪಕ್ಕದಲ್ಲಿ ಬ್ಯಾಡ್ಜ್ ತೊಟ್ಟ ಮಗುವನ್ನು ನಿಲ್ಲಿಸಿ ಮಾತಾಡುತ್ತಿದ್ದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಿನ್ನ ಮುಖ ಅಷ್ಟು ಬೆಳಗಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಅದನ್ನು ಕೆಡಿಸಲಾರದೆ ಬಾಗಿಲಿನಿಂದಲೇ ವಾಪಸು ಬಂದೆ.

ಕೊನೆಯದಾಗಿ ಆ ಒಂದು ಬೆಳಗಿನದು. ನಿನಗೆ ಅದು ನೆನಪೂ ಇರಲಿಕ್ಕಿಲ್ಲ. ಹೊಲಿದ ಸಮವಸ್ತ್ರಗಳ ಗಂಟು ಕೊಡಲು ಶಾಲೆಗೆ ಬಂದಿದ್ದೆ. ಒಂದನೇ ತರಗತಿಗೆ ಹೊಸದಾಗಿ ಸೇರಿದ ಪುಟ್ಟ ಹುಡುಗಿಯೊಬ್ಬಳು ಗೇಟಿನ ಹತ್ತಿರ ಗೋಳೋ ಎಂದು ಅಳುತ್ತಿದ್ದಳು. ನಮ್ಮ ಬುಗುರಿ ಅಳುವಿನ ಜಾಡು ಹಿಡಿದು ಹೋಗಿ ಅವಳ ಕೈ ಹಿಡಿದಳು. ನಾನು ತರಗತಿ ತೋರಿಸ್ತೀನಿ ಬಾ ಎಂದಳು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಆ ಮಗು. ಒಂದು ಗಂಟು ಬಂದ ಕೂಡಲೇ ನಿಲ್ಲಬೇಕು, ಅದೇ ನಿನ್ನ ತರಗತಿ ಎಂದು ಹೇಳಿಕೊಡುತ್ತಾ ಹೋಗುತ್ತಿದ್ದಳು. ಆ ಮಗುವಿನ ಅಳು ನಿಂತಿತ್ತು. ನನ್ನ ಮಗಳ ಬೆನ್ನು ಅಷ್ಟು ನೆಟ್ಟಗಿದ್ದುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅಷ್ಟರಲ್ಲಿ ನೀನು ಓಡಿ ಬಂದೆ. ಅಯ್ಯೋ ಕಂದಾ, ನೀನು ಬೀಳ್ತೀಯ, ಅವಳನ್ನೂ ಬೀಳಿಸ್ತೀಯ ಎಂದು, ಪ್ರೀತಿಯಿಂದಲೇ, ಇಬ್ಬರ ಕೈ ಬಿಡಿಸಿದೆ. ಬ್ಯಾಡ್ಜ್ ತೊಟ್ಟ ಹುಡುಗನನ್ನು ಕೂಗಿ ಇವಳನ್ನು ಅವನಿಗೆ ಒಪ್ಪಿಸಿದೆ. ಇವಳು ತಲೆ ಎತ್ತಿ ಕೇಳಿದಳು. ದೊಡ್ಡಮ್ಮ ಮಿಸ್, ಆ ಬ್ಯಾಡ್ಜ್ ನನಗೆ ಯಾವಾಗ ಬರುತ್ತೆ, ಎಲ್ಲರಿಗೂ ಬರುತ್ತಲ್ಲ, ನನ್ನ ಸರದಿ ಯಾವಾಗ ಅಂತ. ನೀನು ನಕ್ಕೆ. ನಿನಗ್ಯಾಕೆ ಪುಟ್ಟ ಅದು, ಅದು ಇರೋದೇ ನಿನಗೋಸ್ಕರ ಎಂದು ಕೆನ್ನೆ ಸವರಿ ಒಳಗೆ ಹೋದೆ.

ನಾನು ಸಮವಸ್ತ್ರದ ಗಂಟು ಹಿಡಿದು ಕಂಬದ ಹಿಂದೆ ನಿಂತಿದ್ದೆ. ಎಲ್ಲರಿಗೂ ಸರದಿ ಇಟ್ಟೆ ಅಕ್ಕ. ತರಲೆ ಹುಡುಗನಿಗೆ ಕೊಟ್ಟೆ, ಲೆಕ್ಕ ಬಾರದವನಿಗೆ ಕೊಟ್ಟೆ, ನಿನ್ನೆ ಮೊನ್ನೆ ಸೇರಿದವರಿಗೂ ಕೊಟ್ಟೆ. ನನ್ನ ಮಗಳಿಂದ ಯಾರಿಗಾದರೂ ಏನಾದರೂ ಸಿಗಬಹುದು ಎಂದು ಮಾತ್ರ ನಿನಗೆ ಅನ್ನಿಸಲಿಲ್ಲ. ಈ ಸಾಲನ್ನು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಏಕೆಂದರೆ ನಿನಗಿಂತ ಹೆಚ್ಚು ಅವಳನ್ನು ಪ್ರೀತಿಸಿದವರು ಈ ಲೋಕದಲ್ಲಿ ನಾನು, ಇವರು ಬಿಟ್ಟರೆ ಯಾರೂ ಇಲ್ಲ. ಬೇರೆ ಯಾರಾದರೂ ಮಾಡಿದ್ದರೆ ಬೈದು ಬರುತ್ತಿದ್ದೆ. ನೀನು ಮಾಡಿದ್ದಕ್ಕೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಆ ದಿನದಿಂದ ಅವಳು ಶಾಲೆಯ ಮಾತು ಆಡುವುದನ್ನು ಬಿಟ್ಟಳು. ಗಿರಗಿರನೆ ತಿರುಗುವುದನ್ನೂ ಬಿಟ್ಟಳು. ಹಾಗೆ ತಿರುಗುತ್ತಾಳೆಂದೇ ನೀನು ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದು.

ಕಣ್ಣಿನ ಆಸ್ಪತ್ರೆಯ ನರ್ಸ್ ಒಬ್ಬರು ಹಿಂದೆ ಯಾವಾಗಲೋ ವಸತಿ ಶಾಲೆಯ ವಿಷಯ ಹೇಳಿದ್ದರು. ಕಾಣದ ಮಕ್ಕಳೇ ಇರುವ ಶಾಲೆ, ಬಸ್ಸಿನಲ್ಲಿ ಇಡೀ ದಿನದ ದಾರಿ. ಆಗ ನಾನೇ, ಮಗಳನ್ನು ದೂರ ಇಡುವಷ್ಟು ಕಲ್ಲೆದೆಯವಳಲ್ಲ ಎಂದು ಹೇಳಿ ಎದ್ದು ಬಂದಿದ್ದೆ. ಈಗ, ಸುಮ್ಮನೆ ನೋಡಿಬರೋಣ ಎಂದು ಹೋದೆವು. ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ನಮಗೆ ಕಟ್ಟಡವೆಲ್ಲ ತೋರಿಸಿದಳು. ಅವಳಿಗೂ ಕಾಣದು. ಊಟದ ಕೋಣೆಯ ಹತ್ತಿರ ಮೆಟ್ಟಿಲಿದೆ, ಹುಷಾರು ಎಂದು ಕಣ್ಣಿರುವ ನನಗೇ ಹೇಳಿದಳು, ನಾನು ಆಗಲೇ ಎಡವಿದ್ದೆ. ಬುಗುರಿ ಬಹಳ ದಿನಗಳ ಮೇಲೆ ಜೋರಾಗಿ ನಕ್ಕಳು. ನಿನಗೆ ಈ ಕೆಲಸ ಯಾರು ಕೊಟ್ಟರು ಎಂದು ಆ ಹುಡುಗಿಯನ್ನು ಕೇಳಿದಳು. ಯಾರು ಕೊಡೋದು, ಬಂದವರಿಗೆ ದಾರಿ ಗೊತ್ತಿರಲ್ಲ, ನನಗೆ ಗೊತ್ತು, ಅದಕ್ಕೆ, ಎಂದಳು ಆ ಹುಡುಗಿ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ನಾನು ಹೋಗ್ತೀನಿ ಅಮ್ಮ ಎಂದಳು. ನನ್ನ ಬಿಟ್ಟು ಇರ್ತೀಯಾ ಎಂದೆ. ನನ್ನ ಬಳೆ ತಿರುಗಿಸುತ್ತಾ, ಅಭ್ಯಾಸ ಮಾಡ್ಕೊಳ್ತೀನಿ ಎಂದಳು. ಎಂಟು ವರ್ಷದ ಮಗು ಅಕ್ಕ. ಅಭ್ಯಾಸ ಮಾಡ್ಕೊಳ್ತೀನಿ ಅನ್ನುತ್ತದೆ.

ಸೋಮವಾರ ಅವಳನ್ನು ಕರೆದುಕೊಂಡು ಬಾ, ಟಿ.ಸಿ. ರದ್ದು ಮಾಡಿಸುತ್ತೇನೆ ಎಂದು ಬರೆದಿದ್ದೀಯ. ಅವಳು ಮನೆಯಲ್ಲಿಲ್ಲ. ನಿನ್ನ ಕಾಗದ ಬರುವ ಮೊದಲೇ ಬಿಟ್ಟು ಬಂದೆವು. ಮೊದಲ ತಿಂಗಳು ನೋಡಲು ಬರಬೇಡಿ, ಮಕ್ಕಳು ಹೊಂದಿಕೊಳ್ಳಲಿ ಎಂದಿದ್ದಾರೆ. ಭಾನುವಾರ ಸಂಜೆ ಫೋನು ಮಾಡಬಹುದು. ಮೊನ್ನೆ ಮಾಡಿದಾಗ ಅವಳ ಮಾತಿಗಿಂತ ಹಿಂದಿನ ಗಲಾಟೆಯೇ ಹೆಚ್ಚು ಕೇಳಿಸಿತು. ಮನೆಗೆ ಬಂದರೆ ಸಾಕು, ಆ ಮೊಳೆಯಲ್ಲಿ ಚೀಲವಿಲ್ಲ. ಎರಡು ತಟ್ಟೆ ತೆಗೆಯಲು ಹೋಗಿ ಮೂರು ತೆಗೆಯುತ್ತೇನೆ. ಇವರು ನೋಡಿದರೂ ನೋಡದ ಹಾಗೆ ಒಂದನ್ನು ವಾಪಸು ಇಡುತ್ತಾರೆ.

ನಾನು ಮಾಡಿದ್ದು ಸರಿ ಎಂದು ವಾದಿಸಲು ಬರೆಯುತ್ತಿಲ್ಲ. ಮಕ್ಕಳನ್ನು ಬೇರೆ ಬೇರೆ ಗೋಡೆಗಳೊಳಗೆ ಬೆಳೆಸಿ ಆಮೇಲೆ ಒಟ್ಟಿಗೆ ಬಾಳಿ ಎಂದರೆ ಹೇಗೆ ಬಾಳಿಯಾರು ಎಂದು ನೀನು ಕೇಳುತ್ತಿದ್ದೆಯಲ್ಲ, ಅದು ಈಗಲೂ ನಿಜ. ನಿನ್ನ ಗೋಡೆಯ ಮೇಲಿನ ಮಾತೂ ನಿಜ. ಅದು ಸುಳ್ಳಾಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಎಲ್ಲಿ ಅವಳು ಇರಬೇಕಿತ್ತೋ ಅಲ್ಲಿಂದಲೇ ಎಬ್ಬಿಸಿಕೊಂಡು ಬಂದೆ.

ಜೀರುಂಡೆಯ ಮೇಲೆ ಸಿಟ್ಟು ಮಾಡಬೇಡ, ನನಗೂ ಇಲ್ಲ. ಮಕ್ಕಳು ಮರೆಯುತ್ತಾರೆ. ಅವಳು ಈಗ ಕಿಟಕಿಯ ಸಾಲಿನ ಹುಡುಗಿಯರ ಜೊತೆ ಆಡಿಕೊಂಡಿರಬೇಕು. ಆಡಲಿ. ಅವಳ ವಯಸ್ಸೇ ಅಂಥದ್ದು.

ಮನೆಗೆ ಬಾ ಎಂದು ಕರೆಯುವ ಶಕ್ತಿ ಇನ್ನೂ ಬಂದಿಲ್ಲ. ಬರಬೇಡ ಎನ್ನುವ ಶಕ್ತಿಯಂತೂ ಇಲ್ಲವೇ ಇಲ್ಲ. ನಿನ್ನ ಮಂಡಿನೋವಿಗೆ ಡಾಕ್ಟರು ಹೇಳಿದ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯಾ? ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡು.

ಇಂತಿ,
ನಿನ್ನ ಮೇಲೆ ಸಿಟ್ಟಿರುವ, ನಿನ್ನನ್ನು ಬಿಟ್ಟರೆ ಬೇರೆ ಅಕ್ಕ ಇಲ್ಲದ,
ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಈಗ ತಾನೇ ನಡೆದದ್ದು. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಜೀರುಂಡೆ ಅಂಗಡಿಗೆ ಬಂದಳು. ಶಾಲೆ ಬಿಟ್ಟು ನೇರ ಬಂದಿರಬೇಕು, ಚೀಲ ಬೆನ್ನ ಮೇಲೇ ಇತ್ತು. ಬುಗುರಿ ಎಲ್ಲಿ ಎಂದಳು. ಹೇಳಿದೆ. ಹೇಳದೆ ಕೇಳದೆ ಹೋದಳಾ, ನಾನು ಅವಳ ಹತ್ತಿರ ಟೂ ಬಿಟ್ಟಿದ್ದೀನಿ ಅಂತ ಹೇಳಿ ಎಂದು ಕೂಗಿ, ಗುಂಡಿಗಳ ಡಬ್ಬ ಬೀಳುವ ಹಾಗೆ ಮೇಜು ಗುದ್ದಿ ಅತ್ತಳು. ಮತ್ತೆ ನೀನು ಯಾಕಮ್ಮ ಅವಳ ಹತ್ತಿರ ಹೋಗುವುದನ್ನು ಬಿಟ್ಟೆ ಎಂದು ಕೇಳಿದೆ. ಬೇರೆಯವರಿಗೂ ಅವಕಾಶ ಕೊಡಬೇಕು ಎಂದು ನೀನು ಹೇಳಿದ್ದೆಯಂತೆ ಅಕ್ಕ. ಕೊಟ್ಟಳಂತೆ. ಎಲ್ಲರ ಸರದಿ ಮುಗಿದ ಮೇಲೆ ಮತ್ತೆ ಪಕ್ಕದಲ್ಲಿ ಕೂರಬಹುದು ಎಂದು ಕಾಯುತ್ತಿದ್ದಳಂತೆ. ಇನ್ನು ಇಬ್ಬರದು ಮಾತ್ರ ಬಾಕಿ ಇತ್ತಂತೆ. ಭಾನುವಾರ ಫೋನು ಮಾಡಿದಾಗ ಇದನ್ನು ಬುಗುರಿಗೆ ಹೇಳಲಾ, ಬೇಡವಾ? ನನಗೆ ತೋಚುತ್ತಿಲ್ಲ. ಅಷ್ಟರೊಳಗೆ ನೀನೇ ಬಂದು ಹೇಳು ಅಕ್ಕ.